ಬೇವಿನ ಮರ ಹತ್ತಿದ ಕಾಡುದ್ರಾಕ್ಷಿ: ಇಟ್ಟುಕೊಳ್ಳೋದಾ, ಕಿತ್ತು ಹಾಕೋದಾ?

ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಒಂದು ಬಳ್ಳಿ ಹಬ್ಬಿತ್ತು. ನಾವು ನೆಟ್ಟಿದ್ದಲ್ಲ, ತಾನಾಗೇ ಹುಟ್ಟಿದ್ದು. ಕಾಯಿ ದ್ರಾಕ್ಷಿಯ ಹಾಗೇ ಗೊಂಚಲು ಗೊಂಚಲು. ಬಟಾಣಿ ಗಾತ್ರದ ಕಾಯಿ ಶ್ರಾವಣ ಕಳೆಯುವ ಹೊತ್ತಿಗೆ ಕಪ್ಪಗಾಯಿತು. ಪುಕ್ಕಟೆ ದ್ರಾಕ್ಷಿ ಸಿಕ್ಕಿತು ಅಂತ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡೆ. ಮೊದಲು ಸ್ವಲ್ಪ ಹುಳಿ. ಆಮೇಲೆ ನಾಲಿಗೆ ತುಂಬ ಸಣ್ಣ ಸೂಜಿ ಚುಚ್ಚಿದ ಹಾಗೆ. ಗಂಟಲೆಲ್ಲ ಕೆರೆತ. ದೊಡ್ಡಮ್ಮ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು.

"ತಿಂದೇ ಬಿಟ್ಟೇನಪ್ಪಾ? ಅದು ಹಕ್ಕಿ ತಿನ್ನೋ ದ್ರಾಕ್ಷಿ ಕಣೋ. ನಾಲಿಗೆ ಕೆರೀತೈತೆ."

"ಮೊದಲೇ ಹೇಳಬಾರದಿತ್ತಾ ದೊಡ್ಡಮ್ಮ?"

"ನೀನು ಕೇಳಿದ್ಯಾ?"

ಅವತ್ತೇ ಆ ಬಳ್ಳಿ ಕಡಿಯಬೇಕು ಅಂತ ಸಿಟ್ಟು ಬಂತು. ಕಡಿಯಲಿಲ್ಲ. ಹೂ ಬಿಟ್ಟಾಗ ಜೇನು ಗುಂಯ್ ಅನ್ನುತ್ತಿದ್ದವು, ಹಣ್ಣಿಗೆ ಪಿಕಳಾರ ಹಕ್ಕಿ ಬರುತ್ತಿದ್ದವು, ಸುಮ್ನೆ ಬಿಟ್ಟೆ. ಮುಂದಿನ ಆಷಾಢದಲ್ಲಿ ಬೇವಿನ ಒಂದು ತೋಳು ಬಳ್ಳಿ ಸಮೇತ ಮುರಿದು ಬಚ್ಚಲುಮನೆಯ ಶೀಟಿನ ಮೇಲೆ ಬಿತ್ತು. ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ನೋಡಿ. ಆಷಾಢದ ಗಾಳಿಗೆ ಬಳ್ಳಿ ತುಂಬಿದ ಮರ ಅಂದರೆ ಹಾಯಿ ಕಟ್ಟಿದ ದೋಣಿ ಇದ್ದ ಹಾಗೆ.

ಆಮೇಲೆ ಈ ವಿಷಯದಲ್ಲಿ ಸ್ವಲ್ಪ ತಲೆ ಕೆಡಿಸಿಕೊಂಡೆ. ನಿಮ್ಮ ಬೇಲಿಯಲ್ಲೋ ತೋಟದಲ್ಲೋ ಇಂಥ ಬಳ್ಳಿ ಇದ್ದರೆ ಮಚ್ಚು ಹಿಡಿಯುವ ಮೊದಲು ಇಷ್ಟು ನೋಡಿಕೊಳ್ಳಿ.

ಅದು ಯಾವ ಬಳ್ಳಿ?

ಕಾಡುದ್ರಾಕ್ಷಿ ಅಂತ ನಮ್ಮ ಕಡೆ ಕರೆಯುವುದು ಒಂದೇ ಬಳ್ಳಿಯನ್ನಲ್ಲ. ಗೊಂಚಲಾಗಿ ಕಪ್ಪು ಹಣ್ಣು ಬಿಡುವ ಬಳ್ಳಿಗೆಲ್ಲ ಆ ಹೆಸರೇ. ಹಾಗಾಗಿ ಮೊದಲ ಕೆಲಸ ಒಂದು ಕುಡಿ ಮುರಿದು ಕೈಯಲ್ಲಿ ಹಿಡಿದು ನೋಡುವುದು.

ಸ್ಪ್ರಿಂಗಿನ ಹಾಗೆ ಸುತ್ತಿಕೊಳ್ಳುವ ಎಳೆ ಇದೆಯಲ್ಲ, ಕುಡಿಬಳ್ಳಿ, ಅದು ಎಲ್ಲಿಂದ ಹೊರಟಿದೆ ನೋಡಿ. ದ್ರಾಕ್ಷಿ ಮತ್ತು ಅದರ ನೆಂಟರಲ್ಲಿ ಕುಡಿಬಳ್ಳಿ ಎಲೆಯ ಎದುರುಗಡೆ ಇರುತ್ತದೆ. ಗೆಣ್ಣಿನ ಒಂದು ಪಕ್ಕ ಎಲೆ, ಇನ್ನೊಂದು ಪಕ್ಕ ಕುಡಿಬಳ್ಳಿ. ಎಲೆಯ ಕಂಕುಳಲ್ಲೇ ಅಥವಾ ಅದರ ಪಕ್ಕದಲ್ಲೇ ಹುಟ್ಟಿದ್ದರೆ ಅದು ತೊಂಡೆ, ಶಿವಲಿಂಗಿ, ಪ್ಯಾಷನ್ ಫ್ರೂಟಿನ ಕಡೆಯದು. ಕುಡಿಬಳ್ಳಿಯೇ ಇಲ್ಲದೆ ಕಾಂಡವೇ ಮರಕ್ಕೆ ಸುತ್ತಿದ್ದರೆ ಅದೂ ದ್ರಾಕ್ಷಿ ಕುಲದ್ದಲ್ಲ.

ಈ ಕೊನೇ ಗುಂಪಿನಲ್ಲಿ ಹೆಚ್ಚು ಮೋಸ ಮಾಡುವುದು ದಾಗಡಿ ಬಳ್ಳಿ. ಬೇಲಿಯಲ್ಲಿ ತುಂಬಾ ಸಿಗುತ್ತದೆ. ಎಲೆ ಮೇಲೆ ಮೆತ್ತನೆಯ ರೋಮ, ಸಣ್ಣ ಕಪ್ಪು ನೇರಳೆ ಹಣ್ಣು. ಚಿಕ್ಕವರಿದ್ದಾಗ ಇದರ ಎಲೆ ನೀರಲ್ಲಿ ಕಿವುಚಿ ಬಟ್ಟಲಲ್ಲಿ ಇಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ನೀರು ಹಸಿರು ಜೆಲ್ಲಿಯಾಗಿ ಗಟ್ಟಿ ಆಗುತ್ತಿತ್ತು. ಈಗಲೂ ಅನುಮಾನ ಇದ್ದರೆ ಅದನ್ನೇ ಮಾಡಿ, ಗೊತ್ತಾಗಿಬಿಡುತ್ತದೆ. ಹಣ್ಣು ಮಾತ್ರ ತಿನ್ನಬೇಡಿ. ಇನ್ನೊಂದು ಅಮೃತಬಳ್ಳಿ. ಹೃದಯದಾಕಾರದ ಎಲೆ, ಮೇಲಿಂದ ದಾರದ ಹಾಗೆ ಇಳಿಬಿದ್ದ ಬೇರು, ಹಣ್ಣಾದರೆ ಕೆಂಪು.

ಕುಡಿಬಳ್ಳಿ ಎಲೆಯ ಎದುರಿಗೇ ಇದ್ದರೆ ನಮ್ಮ ಬಯಲುಸೀಮೆಯ ಮಟ್ಟಿಗೆ ನಾಲ್ಕು ಸಾಧ್ಯತೆ.

ಕಾಂಡ ನಾಲ್ಕು ಮೂಲೆಯದು, ರಸ ತುಂಬಿದ್ದು, ಗೆಣ್ಣು ಗೆಣ್ಣಾಗಿ ಮೂಳೆ ಜೋಡಿಸಿದ ಹಾಗಿದ್ದರೆ ಅದು ಮಂಗರಬಳ್ಳಿ. ಸಂದುಬಳ್ಳಿ ಅಂತಲೂ ಅನ್ನುತ್ತಾರೆ. ಒಂದು ತೊಟ್ಟಿನಲ್ಲಿ ಮೂರು ಎಲೆ ಇದ್ದು, ಹೂಗೊಂಚಲು ಕೊಡೆಯ ಹಾಗೆ ಚಪ್ಪಟೆಯಾಗಿದ್ದರೆ ಅದು ಮೂರೆಲೆಯ ಕಾಡುಬಳ್ಳಿ. ನನ್ನ ನಾಲಿಗೆ ಸುಟ್ಟಿದ್ದು ಇದೇ. ಒಂಟಿ ಎಲೆ, ಬೂದು ಬೂದು ರೋಮ, ಅಂಚಿಗೆ ಹಲ್ಲು, ಹಣ್ಣು ಹಿಚುಕಿದರೆ ಒಳಗೆ ಒಂದೇ ಬೀಜ, ಅದು ಇನ್ನೊಂದು ಜಾತಿ. ಕಲ್ಲುಗುಡ್ಡ, ಕುರುಚಲು ಕಾಡಿನಲ್ಲಿ ಸಿಗುತ್ತದೆ. ಈ ಮೂರರ ರಸದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಯಂಥ ಹರಳು ಇರುತ್ತವೆ. ಬಾಯಿ ಕೆರೆಯುವುದು ಅದಕ್ಕೇ. ಹಕ್ಕಿ ತಿನ್ನುತ್ತದೆ ಅಂತ ಮನುಷ್ಯ ತಿನ್ನಬಹುದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಾಲ್ಕನೆಯದು ನಿಜವಾದ ದ್ರಾಕ್ಷಿ. ಹಳೇ ಕಾಂಡದ ಸಿಪ್ಪೆ ಪಟ್ಟಿ ಪಟ್ಟಿಯಾಗಿ ಸುಲಿದು ಬರುತ್ತದೆ, ಹಗ್ಗದ ನಾರು ಬಿಟ್ಟ ಹಾಗೆ. ಹೂವಿನ ಎಸಳು ಬಿಚ್ಚಿಕೊಳ್ಳುವುದಿಲ್ಲ, ಟೋಪಿ ಕಳಚಿದ ಹಾಗೆ ಒಟ್ಟಿಗೇ ಉದುರುತ್ತವೆ. ಬೇಲಿಯಲ್ಲಿ ಇದು ಹೇಗೆ ಬಂತು? ಯಾರೋ ತಿಂದು ಉಗಿದ ಬೀಜ. ಈಗ ಅಂಗಡಿಯಲ್ಲಿ ಸಿಗುವ ಹಸಿರು ದ್ರಾಕ್ಷಿಗೆ ಬೀಜ ಇಲ್ಲ. ಬೀಜ ಇರುವುದು ಬೆಂಗಳೂರು ಬ್ಲೂ ಥರದ ಕಪ್ಪು ದ್ರಾಕ್ಷಿಗೆ. ಬೀಜದಿಂದ ಹುಟ್ಟಿದ ಬಳ್ಳಿ ತಾಯಿಯ ಹಾಗೇ ಹಣ್ಣು ಕೊಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಬಹಳ ಸಲ ಹುಳಿ ಜಾಸ್ತಿ.

ಇಷ್ಟು ನೋಡಿದರೂ ಬಗೆಹರಿಯದಿದ್ದರೆ ಎಲೆ, ಕುಡಿಬಳ್ಳಿ, ಹೂ ಅಥವಾ ಕಾಯಿ ಇರುವ ಒಂದು ಮೊಳ ಕುಡಿಯನ್ನು ಒದ್ದೆ ಪೇಪರಲ್ಲಿ ಸುತ್ತಿಕೊಂಡು ಹಿರಿಯೂರಿನ ಬಬ್ಬೂರು ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಬರೀ ಎಲೆಯ ಫೋಟೋ ಸಾಲುವುದಿಲ್ಲ.

ಕಸಿ ಗಿಡದ ಬುಡ ಎದ್ದಿರಬಹುದು

ಇದು ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮನೆಯ ಕಥೆ. ಒಂದು ನರ್ಸರಿಯಿಂದ ದ್ರಾಕ್ಷಿ ಕಸಿ ಗಿಡ ತಂದು ಕಾಂಪೌಂಡ್ ಪಕ್ಕ ನೆಟ್ಟಳು. ಮೊದಲ ಬೇಸಿಗೆಯಲ್ಲಿ ಒಣಗಿತು. ಮಳೆ ಬಿದ್ದ ಮೇಲೆ ಬುಡದಿಂದ ಚಿಗುರಿತು. ಸಂತೋಷವೋ ಸಂತೋಷ. ಎರಡೇ ವರ್ಷಕ್ಕೆ ಮಹಡಿ ತನಕ ಹೋಯಿತು. ಹಣ್ಣು ಮಾತ್ರ ಒಂದೂ ಇಲ್ಲ. ಭಾವ ಅದಕ್ಕೆ ಸಗಣಿ ಗೊಬ್ಬರ, ಮೀನಿನ ಗೊಬ್ಬರ, ಕೊನೆಗೆ ಯಾರೋ ಹೇಳಿದರು ಅಂತ ಬೆಲ್ಲದ ನೀರು ಕೂಡ ಹಾಕಿದರು.

ಆಗಿದ್ದು ಇಷ್ಟೇ. ಕರ್ನಾಟಕದಲ್ಲಿ ದ್ರಾಕ್ಷಿ ಬೆಳೆಯುವವರು ಹೆಚ್ಚಾಗಿ ಡಾಗ್‌ರಿಜ್ ಅನ್ನುವ ಬೇರುಗಿಡದ ಮೇಲೆ ಬೇಕಾದ ತಳಿಯ ಕಸಿ ಕಟ್ಟುತ್ತಾರೆ. ಅದು ಅಮೆರಿಕದ ಟೆಕ್ಸಾಸ್ ಕಡೆಯ ಕಾಡುದ್ರಾಕ್ಷಿ. ನೀರು ಕಡಿಮೆ ಇದ್ದರೂ, ಮಣ್ಣಲ್ಲಿ ಉಪ್ಪಿದ್ದರೂ ತಡೆಯುತ್ತದೆ. ಅಕ್ಕನ ಮನೆಯಲ್ಲಿ ಮೇಲಿನ ಕಸಿ ಸತ್ತು ಕೆಳಗಿನ ಡಾಗ್‌ರಿಜ್ ಬದುಕಿತ್ತು. ಅವಳು ಇಷ್ಟು ದಿನ ನೀರೆರೆದಿದ್ದು ಟೆಕ್ಸಾಸಿನ ಕಾಡುಬಳ್ಳಿಗೆ!

ಇದನ್ನು ಕಂಡುಹಿಡಿಯುವುದು ಸುಲಭ. ಬುಡದ ಮಣ್ಣು ಸ್ವಲ್ಪ ಸರಿಸಿ ಕಸಿ ಕಟ್ಟಿದ ಗಂಟು ಹುಡುಕಿ. ಬಳ್ಳಿ ಗಂಟಿನ ಕೆಳಗಿನಿಂದ ಬಂದಿದ್ದರೆ ಅದು ಬೇರುಗಿಡ. ಎಲೆ ಚಿಕ್ಕದು, ಸೀಳು ಕಡಿಮೆ, ಎಳೇ ಚಿಗುರಿಗೆ ಹತ್ತಿ ಮೆತ್ತಿದ ಹಾಗೆ ಬಿಳಿ ರೋಮ ಇದ್ದರೆ ಅನುಮಾನ ಇನ್ನೂ ಗಟ್ಟಿ.

ಹಾಗಂತ ಕಿತ್ತು ಹಾಕಬೇಕಿಲ್ಲ. ನನ್ನ ಪ್ರಕಾರ ಇದೇ ಅದೃಷ್ಟ. ಬೇರು ಆಗಲೇ ಆಳಕ್ಕೆ ಇಳಿದು ಕೂತಿದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಪೆನ್ಸಿಲ್ ದಪ್ಪದ ಒಂದೆರಡು ನೆಟ್ಟನೆಯ ಚಿಗುರು ಉಳಿಸಿಕೊಂಡು, ಅದರ ಮೇಲೆ ಬೇಕಾದ ತಳಿಯ ಕಡ್ಡಿಯಿಂದ ಕಸಿ ಕಟ್ಟಿಸಬಹುದು. ವಿಜಯಪುರ, ಬಾಗಲಕೋಟೆ ಕಡೆಯ ತೋಟಗಳಲ್ಲಿ ಮಾಡುವುದೂ ಹೀಗೇ. ಮೊದಲು ಬೇರುಗಿಡ ನೆಟ್ಟು, ಅದು ಬೇರು ಬಿಟ್ಟ ಮೇಲೆ ಜಾಗದಲ್ಲೇ ಕಸಿ ಕಟ್ಟುತ್ತಾರೆ. ಕೈ ಪಳಗಿದವರನ್ನು ಕರೆಸಿ. ಯೂಟ್ಯೂಬ್ ನೋಡಿಕೊಂಡು ಭಾವ ಕಟ್ಟಿದ ಮೂರೂ ಕಡ್ಡಿ ಒಣಗಿದವು.

ಬಳ್ಳಿ ಬಿಡಿ, ಅದು ಹತ್ತಿರುವ ಜಾಗ ನೋಡಿ

ಹೆಸರು ಗೊತ್ತಾದ ಮೇಲೂ ಇಡೋದಾ ತೆಗೆಯೋದಾ ಅನ್ನುವುದು ಬಗೆಹರಿಯುವುದಿಲ್ಲ. ಒಂದೇ ಬಳ್ಳಿ ಬೇಲಿ ಮೇಲಿದ್ದರೆ ಉಪಕಾರಿ, ಅಡಿಕೆ ಮರದ ಮೇಲಿದ್ದರೆ ಶತ್ರು. ನಾನು ಈಗ ನೋಡುವುದು ಇದೊಂದನ್ನೇ.

ಕಳ್ಳಿ ಬೇಲಿ, ಮುಳ್ಳುಬೇಲಿ, ಹೊಲದ ಬದು: ಇರಲಿ ಬಿಡಿ. ಬೇಲಿ ಒತ್ತಾಗುತ್ತದೆ, ಬದುವಿನ ಮಣ್ಣು ನಿಲ್ಲುತ್ತದೆ, ಬೇರೆ ಏನೂ ಹಸಿರಿಲ್ಲದ ಜಾಗದಲ್ಲಿ ಹಕ್ಕಿಗೆ ಆಸರೆ. ಮಳೆಗಾಲದಲ್ಲಿ ಎಲೆ ತಿನ್ನುವ ದಪ್ಪ ಹುಳ ಕಾಣಿಸಬಹುದು, ಬಾಲದಲ್ಲಿ ಒಂದು ಕೊಂಬಿರುತ್ತದೆ. ಹೆದರಬೇಡಿ, ಕಚ್ಚುವುದಿಲ್ಲ. ರಾತ್ರಿ ಹೂವಿಗೆ ಬರುವ ದೊಡ್ಡ ಪತಂಗದ ಮರಿ ಅದು. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಇದೇ ಬೇಲಿಯಲ್ಲಿ ಗುಲಗಂಜಿ ಬಳ್ಳಿಯೂ ಹೆಣೆದುಕೊಂಡಿದ್ದರೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅದನ್ನು ತೆಗೆಯಿರಿ. ಕೆಂಪು ಕಪ್ಪು ಬೀಜ ನೋಡಲು ಚೆಂದ, ಅಗಿದರೆ ಕಡು ವಿಷ.

ಅಡಿಕೆ, ತೆಂಗು: ಎರಡನೇ ಯೋಚನೆ ಬೇಡ, ತೆಗೆಯಿರಿ. ಹೊಳಲ್ಕೆರೆ, ಚನ್ನಗಿರಿ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಈ ಮರಗಳಿಗೆ ಇರುವುದು ಒಂದೇ ಸುಳಿ. ಬಳ್ಳಿ ತಲೆ ಮುಚ್ಚಿ ಬಿಸಿಲು ತಪ್ಪಿದರೆ ಮರಕ್ಕೆ ಬೇರೆ ದಾರಿ ಇಲ್ಲ. ಕೊಯ್ಯಲು ಹತ್ತುವವರಿಗೂ ಕಾಲು ಜಾರುವ ಭಯ.

ಬೇವು, ಹುಣಸೆ, ಹೊಂಗೆಯಂಥ ದೊಡ್ಡ ಮರ: ಇಲ್ಲಿ ಸ್ವಲ್ಪ ಯೋಚನೆ ಬೇಕು. ಮರದಿಂದ ಹತ್ತು ಹೆಜ್ಜೆ ಹಿಂದೆ ನಿಂತು ತಲೆ ಎತ್ತಿ ನೋಡಿ. ಬಳ್ಳಿ ಕಾಂಡ ಮತ್ತು ಕೆಳಗಿನ ಕೊಂಬೆಗಳಲ್ಲೇ ಇದ್ದರೆ ಚಿಂತೆ ಇಲ್ಲ. ದೊಡ್ಡ ಮರಗಳು ಬಳ್ಳಿ ಹೊತ್ತುಕೊಂಡೇ ಬೆಳೆದಿರುತ್ತವೆ. ನೆತ್ತಿಯ ಮೇಲೆ ಹೊದಿಕೆ ಹಾಸಿದ ಹಾಗೆ ಕೂತು, ಬೇವಿನ ಎಲೆಗಿಂತ ಬಳ್ಳಿಯ ಎಲೆಯೇ ಜಾಸ್ತಿ ಕಂಡರೆ ತೆಗೆಯಿರಿ. ನಾನು ಹೀಗೆ ನೋಡಿದ್ದರೆ ಬಚ್ಚಲುಮನೆ ಶೀಟು ಉಳಿಯುತ್ತಿತ್ತು. ಎಳೇ ಮರ, ಮಾವಿನ ಸಸಿ, ದಾಳಿಂಬೆ ಗಿಡಕ್ಕೆ ಹತ್ತಿದ್ದರೆ ಕಾಯುವುದೇ ಬೇಡ.

ಗೋಡೆಗೆ ದ್ರಾಕ್ಷಿಬಳ್ಳಿ ಅಂಥ ಹಾನಿ ಮಾಡುವುದಿಲ್ಲ. ಅದು ಆಲದ ಹಾಗೆ ಬಿರುಕಿಗೆ ಬೇರು ಇಳಿಸುವುದಿಲ್ಲ, ಸುತ್ತಲು ಏನಾದರೂ ಸಿಕ್ಕರೆ ಸಾಕು. ಹೆಂಚಿನ ಮನೆ ಮಾತ್ರ ಬೇರೆ. ಕುಡಿ ಹೆಂಚಿನ ಸಂದಿಯಲ್ಲಿ ನುಗ್ಗಿ, ದಪ್ಪಗಾಗಿ, ಹೆಂಚು ಎತ್ತಿಬಿಡುತ್ತದೆ. ಜೊತೆಗೆ ಇಲಿಗೆ ಏಣಿ ಇಟ್ಟುಕೊಟ್ಟ ಹಾಗೆ.

ಕರೆಂಟ್ ತಂತಿಗೆ ಹತ್ತಿದ್ದರೆ ನೀವು ಮುಟ್ಟಬೇಡಿ. ಒಣ ಕೋಲು, ಪ್ಲಾಸ್ಟಿಕ್ ಪೈಪು ಯಾವುದೂ ಬೇಡ. ಹಸಿ ಬಳ್ಳಿಯಲ್ಲಿ ಕರೆಂಟ್ ಹರಿಯುತ್ತದೆ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆ ಬೆಸ್ಕಾಂ ಅನ್ನುವ ವಿದ್ಯುತ್ ಕಂಪನಿಯ ವ್ಯಾಪ್ತಿ, 1912ಕ್ಕೆ ಫೋನ್ ಮಾಡಿ.

ಇನ್ನು ಜೋಗಿಮಟ್ಟಿಯಲ್ಲೋ ಜಗಳೂರಿನ ರಂಗಯ್ಯನದುರ್ಗದಲ್ಲೋ ಕಂಡ ಬಳ್ಳಿ ನಮ್ಮ ನಿಮ್ಮ ತೀರ್ಮಾನಕ್ಕೆ ಬಿಟ್ಟಿದ್ದಲ್ಲ. ಎರಡೂ ಅಭಯಾರಣ್ಯ. ನೋಡಿ ಬನ್ನಿ, ಬೇರು ಕೀಳಬೇಡಿ.

ತೆಗೆಯುವುದಾದರೆ ಹೀಗೆ

ಎಲ್ಲರೂ ಮಾಡುವ ತಪ್ಪು ಅಂದರೆ ಬಳ್ಳಿ ಹಿಡಿದು ಜಗ್ಗುವುದು. ಹಸಿ ಬಳ್ಳಿ ಸುಲಭಕ್ಕೆ ಹರಿಯುವುದಿಲ್ಲ, ಬದಲಿಗೆ ಕೊಂಬೆ ಸೀಳಿ ಬರುತ್ತದೆ, ಇಲ್ಲ ಮೇಲಿದ್ದ ಒಣ ಕಟ್ಟಿಗೆ ತಲೆ ಮೇಲೆ ಬೀಳುತ್ತದೆ.

ಮೊದಲು ಪೊದೆಯೊಳಗೆ ಐದು ನಿಮಿಷ ಸುಮ್ನೆ ನೋಡಿ. ಹಕ್ಕಿಗೂಡು, ಕಣಜದ ಗೂಡು, ಕೋಲುಜೇನು. ಹಸಿರು ಹಾವು ಬಳ್ಳಿಯ ಕುಡಿಯ ಹಾಗೇ ತೂಗುತ್ತಾ ಇರುತ್ತದೆ. ಗೂಡಲ್ಲಿ ಮೊಟ್ಟೆ ಮರಿ ಇದ್ದರೆ ಒಂದು ತಿಂಗಳು ಮುಂದೂಡಿ, ಬಳ್ಳಿ ಎಲ್ಲಿಗೂ ಓಡಿಹೋಗುವುದಿಲ್ಲ.

ಆಮೇಲೆ ಯಾವ ಕಾಂಡ ಕಡಿಯಬೇಕು ಅಂತ ಗುರುತು ಮಾಡಿ. ಇದು ಹೇಳುವಷ್ಟು ಸುಲಭ ಅಲ್ಲ. ನಮ್ಮ ಬೇವಿನ ಬುಡದಲ್ಲಿ ಮೂರು ಬಳ್ಳಿ ಹೆಣೆದುಕೊಂಡಿದ್ದವು. ನಾನು ದಪ್ಪ ಇದ್ದದ್ದನ್ನು ಕಡಿದೆ. ಅದು ದೊಡ್ಡಮ್ಮನ ಅಮೃತಬಳ್ಳಿ. ಎರಡು ದಿನ ಮಾತಾಡಲಿಲ್ಲ ಅವರು. ಪುಣ್ಯಕ್ಕೆ ಅಮೃತಬಳ್ಳಿ ಹೆಸರಿಗೆ ತಕ್ಕ ಹಾಗೆ ಇತ್ತು. ಕಡಿದ ಮೇಲೂ ಮೇಲಿನ ಭಾಗ ಬಾಡಲಿಲ್ಲ, ಒಂದು ತಿಂಗಳೊಳಗೆ ದಾರದಂಥ ಬೇರು ಸರಸರ ಇಳಿಸಿ ನೆಲ ಮುಟ್ಟಿಸಿಕೊಂಡಿತು. ನಿಮ್ಮದು ಮಲ್ಲಿಗೆಯಾಗಿದ್ದರೆ ಹೀಗೆ ಬದುಕುವುದಿಲ್ಲ. ಹಾಗಾಗಿ ಮೇಲಿನ ಎಲೆಯಿಂದ ಬುಡದವರೆಗೆ ಕೈಯಾಡಿಸುತ್ತಾ ಬಂದು, ಸಿಕ್ಕ ಕಾಂಡಕ್ಕೆ ಬಣ್ಣದ ಬಟ್ಟೆ ಕಟ್ಟಿ.

ಕೈಗೆ ಗ್ಲೌಸ್ ಹಾಕಿ. ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ರಸ ತಾಗಿದ ಕೈಯಲ್ಲಿ ಕಣ್ಣು ಉಜ್ಜಬೇಡಿ.

ಗುರುತು ಮಾಡಿದ ಕಾಂಡವನ್ನು ಮೊಣಕಾಲೆತ್ತರಕ್ಕೆ ಒಂದು ಕಡೆ, ಒಂದು ಗೇಣು ಮೇಲೆ ಇನ್ನೊಂದು ಕಡೆ ಕಡಿದು ಮಧ್ಯದ ತುಂಡು ತೆಗೆದುಬಿಡಿ. ಮಚ್ಚಿನ ಪೆಟ್ಟು ಮರದ ತೊಗಟೆಗೆ ಬೀಳಬಾರದು, ಗರಗಸ ವಾಸಿ. ಮೇಲಿನ ಬಳ್ಳಿ ಮರದಲ್ಲೇ ಒಣಗಲಿ. ಮೂರು ವಾರ ಬಿಸಿಲು ಕಂಡರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ, ಆಗ ಕೋಲಿನಿಂದ ತಟ್ಟಿ ಇಳಿಸಿ. ಯುಗಾದಿ ಮುಂಚಿನ ಬಿಸಿಲು ಇದಕ್ಕೆ ಸರಿಯಾದ ಕಾಲ.

ಬೇರು ತೆಗೆಯುವುದಕ್ಕೆ ಮಾತ್ರ ಮಳೆ ಬೇಕು. ನಮ್ಮ ಮಣ್ಣು ಬೇಸಿಗೆಯಲ್ಲಿ ಹಾರೆಗೂ ಜಗ್ಗುವುದಿಲ್ಲ. ಮೊದಲ ಹದ ಮಳೆ ಬಿದ್ದ ಮಾರನೇ ದಿನ ಗುದ್ದಲಿ ಹಾಕಿ. ಮರದ ಬೇರಿನ ಜೊತೆ ಸಿಕ್ಕಿಕೊಂಡಿದ್ದರೆ ಅಗೆಯಬೇಡಿ. ಹದಿನೈದು ದಿನಕ್ಕೊಮ್ಮೆ ಬಂದ ಚಿಗುರು ಮುರಿಯುತ್ತಾ ಹೋದರೆ ಬೇರಿನ ಶಕ್ತಿ ಇಳಿಯುತ್ತದೆ. ಎರಡು ಮಳೆಗಾಲ ತಾಳ್ಮೆ ಬೇಕು. ಮರಕ್ಕೆ ಹೆಣೆದುಕೊಂಡ ಬಳ್ಳಿಗೆ ಕಳೆನಾಶಕ ಹೊಡೆಯುವುದು ನನಗೆ ಸರಿ ಕಾಣುವುದಿಲ್ಲ. ಬಳ್ಳಿಗೆ ಬಿದ್ದದ್ದು ಮರದ ಎಲೆಗೂ ಬೀಳುತ್ತದೆ.

ಕಡಿದ ಕಸವನ್ನು ಬದುವಿನ ಮೇಲೆ ಎಸೆಯಬೇಡಿ. ಮಂಗರಬಳ್ಳಿಯಂತೂ ಒಂದು ಗೆಣ್ಣು ಮಣ್ಣು ಮುಟ್ಟಿದರೆ ಸಾಕು, ಮತ್ತೆ ಶುರು. ಬಂಡೆ ಮೇಲೆ ಹರವಿ ಒಣಗಿಸಿ.

ಇಟ್ಟುಕೊಳ್ಳುವುದಾದರೆ

ನಿಜವಾದ ದ್ರಾಕ್ಷಿ ಅಂತ ಖಾತ್ರಿಯಾದರೆ ಅದನ್ನು ಮರದಿಂದ ಇಳಿಸಿ ಚಪ್ಪರಕ್ಕೆ ಹತ್ತಿಸಿ. ನಾಲ್ಕು ಕಲ್ಲುಕಂಬ, ಮೇಲೆ ತಂತಿ, ಅಷ್ಟು ಸಾಕು. ಬೇಸಿಗೆಯಲ್ಲಿ ಕೆಳಗೆ ಮಂಚ ಹಾಕಿಕೊಳ್ಳುವಷ್ಟು ನೆರಳು. ಕಡ್ಡಿ ಸವರುವುದು, ಅಂದರೆ ಕತ್ತರಿಸುವುದು, ವರ್ಷಕ್ಕೆ ಎರಡು ಸಲ, ದ್ರಾಕ್ಷಿ ಬೆಳೆಗಾರರ ಲೆಕ್ಕದಲ್ಲೇ. ಏಪ್ರಿಲ್‌ನಲ್ಲಿ ಗಿಡ್ಡಕ್ಕೆ ಕತ್ತರಿಸಿದರೆ ಹೊಸ ಕಡ್ಡಿ ಬಲಿಯುತ್ತವೆ. ಅಕ್ಟೋಬರ್‌ನಲ್ಲಿ ಆ ಕಡ್ಡಿಗಳ ತುದಿ ಕತ್ತರಿಸಿದರೆ ಹೂವಿನ ಚಿಗುರು ಬರುತ್ತದೆ, ಹಣ್ಣು ಫೆಬ್ರವರಿ–ಮಾರ್ಚ್‌ಗೆ. ಕತ್ತರಿಸಿದ ತುದಿಯಿಂದ ಹನಿ ಹನಿಯಾಗಿ ನೀರು ಸುರಿಯಬಹುದು. ಬಳ್ಳಿ ಅಳುತ್ತಿದೆ ಅಂತ ಅಕ್ಕ ಗಾಬರಿಯಾಗಿ ಫೋನ್ ಮಾಡಿದ್ದಳು. ಏನೂ ಆಗುವುದಿಲ್ಲ, ತಾನಾಗೇ ನಿಲ್ಲುತ್ತದೆ. ಬೀಜದ ಬಳ್ಳಿಗೆ ಎರಡು ಫಸಲು ಅವಕಾಶ ಕೊಡಿ. ಆಮೇಲೂ ಹುಳಿಯೇ ಆದರೆ ಅದೂ ಕಸಿ ಕಟ್ಟಲು ಆಗುತ್ತದೆ.

ಎಲೆ ಮುದುಡಿತು ಅಂತ ಅವಸರಕ್ಕೆ ಕಿತ್ತು ಹಾಕಬೇಡಿ. ದಾವಣಗೆರೆ ಸುತ್ತ ಮೆಕ್ಕೆಜೋಳ, ಭತ್ತಕ್ಕೆ 2,4-ಡಿ ಕಳೆನಾಶಕ ಹೊಡೆಯುತ್ತಾರಲ್ಲ, ದ್ರಾಕ್ಷಿಗೆ ಅದರ ಗಾಳಿ ತಾಗಿದರೂ ಸಾಕು. ಹೊಸ ಎಲೆ ಕಿರಿದಾಗಿ, ನರ ಒತ್ತಾಗಿ, ಬೀಸಣಿಗೆ ಮಡಿಸಿದ ಹಾಗೆ ಬರುತ್ತದೆ. ರೋಗ ಅಂತ ಔಷಧಿ ಅಂಗಡಿಗೆ ಓಡುವ ಮೊದಲು ಪಕ್ಕದ ಹೊಲದವರನ್ನು ಕೇಳಿ, ಇತ್ತೀಚೆಗೆ ಏನು ಹೊಡೆದರು ಅಂತ. ಎಲೆ ಮೇಲೆ ಬೂದಿ ಎರಚಿದ ಹಾಗೆ ಕಂಡರೆ ಅದು ಬೂದಿರೋಗ. ಹತ್ತಿರದಲ್ಲಿ ಯಾರಾದರೂ ದ್ರಾಕ್ಷಿ ತೋಟ ಮಾಡಿದ್ದರೆ ನಿಮ್ಮ ಬಳ್ಳಿಯಿಂದ ಅವರಿಗೆ ಹರಡುತ್ತದೆ. ಅಂಥ ಕಡೆ ನೋಡಿಕೊಳ್ಳಲು ಆಗದ ಬಳ್ಳಿ ಇಟ್ಟುಕೊಳ್ಳುವುದು ಸರಿಯಲ್ಲ.

ಮಂಗರಬಳ್ಳಿಯಾದರೆ ಒಂದು ಕುಂಡಕ್ಕೆ ಹಾಕಿಕೊಳ್ಳಿ, ಚಟ್ನಿಗಾಗುತ್ತದೆ. ದೊಡ್ಡಮ್ಮ ಕೈಗೆ ಎಣ್ಣೆ ಹಚ್ಚಿಕೊಂಡು ತುದಿಯ ಎಳೇ ಗೆಣ್ಣು ಮಾತ್ರ ಮುರಿಯುತ್ತಾರೆ. ಬಲಿತದ್ದು ಬರೀ ನಾರು. ನಾಲ್ಕೂ ಮೂಲೆಯ ಅಂಚು ಹೆರೆದು, ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಹಸಿ ವಾಸನೆ ಪೂರ್ತಿ ಹೋಗುವ ತನಕ ಹುರಿಯುತ್ತಾರೆ. ಆಮೇಲೆ ಉದ್ದಿನಬೇಳೆ, ಒಣಮೆಣಸಿನಕಾಯಿ, ಕೊಬ್ಬರಿ, ಉಪ್ಪು ಸೇರಿಸಿ ರುಬ್ಬುತ್ತಾರೆ. ಹುಣಸೆಹಣ್ಣು ಮಾತ್ರ ಮಾಮೂಲಿಗಿಂತ ಜಾಸ್ತಿ. ಹುಣಸೆ ಕಡಿಮೆಯಾದರೆ ನಾಲಿಗೆಗೆ ನನ್ನ ಗತಿಯೇ.

ಬೇವಿನ ಮೇಲಿದ್ದ ಮೂರೆಲೆಯ ಬಳ್ಳಿಯನ್ನು ಹೋದ ಶಿವರಾತ್ರಿ ಕಳೆದ ಮೇಲೆ ಕಡಿದೆ. ಹಿಂದಿನ ಬೇಲಿಯಲ್ಲಿರುವ ಅದರ ಮರಿಯನ್ನು ಮುಟ್ಟಿಲ್ಲ. ಪಿಕಳಾರಗಳು ಈಗ ಅಲ್ಲಿಗೆ ಹೋಗುತ್ತವೆ.